ಪುಸ್ತಕದ ಬೆನ್ನೊಳಗೆ ಬರೆದದ್ದು

ಲೈಬ್ರರಿ ಮೇಡಂ ಬೈಂಡಿಂಗ್ ಅಂಗಡಿಯ ಮೆಟ್ಟಿಲಿಳಿದು ಬಂದವರೇ ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಇಟ್ಟರು ಅನ್ನುವುದಕ್ಕಿಂತ ಕುಕ್ಕಿದರು ಅನ್ನಬೇಕು. ಅಂಟಿನ ಡಬ್ಬಿ ಅಲುಗಿತು. ಪುಸ್ತಕ ಹೊಲಿಯುವ ಮರದ ಚೌಕಟ್ಟಿನ ಹಿಂದೆ ಕೂತಿದ್ದ ಹುಳುವಿನ ಕೈಯಲ್ಲಿ ಸೂಜಿ ಹಾಗೇ ನಿಂತಿತು.

ಹುಳು ಅಂದರೆ ಮನುಷ್ಯಳೇ, ಮೂವತ್ತೆಂಟು ವರ್ಷದ ಹೆಂಗಸು. ತಾಯಿ ತೀರಿಕೊಂಡ ಮೇಲೆ ಒಂಬತ್ತನೇ ವಯಸ್ಸಿಗೆ ಸೋದರಮಾವನ ಮನೆ ಸೇರಿದಳು. ಬಂದ ವಾರದಲ್ಲೇ ಅಂಗಡಿಯ ಮೂಲೆಯಲ್ಲಿ ಹರಕು ಪುಸ್ತಕ ಹಿಡಿದು ಕೂತವಳನ್ನು ಊಟಕ್ಕೆ ಎಬ್ಬಿಸಿ ಎಬ್ಬಿಸಿ ಸಾಕಾಗಿ ಮಾವ ಇಟ್ಟ ಹೆಸರು ಅದು. "ಹುಳ ತಿಂದ ಪುಸ್ತಕ ರಿಪೇರಿ ಮಾಡೋ ಅಂಗಡೀಲಿ ನಾನು ಒಂದು ಹುಳೂನೇ ಸಾಕಿದೀನಿ" ಅಂತ ಬಂದವರಿಗೆಲ್ಲ ಹೇಳಿ ಅವನೇ ಮೊದಲು ನಗುತ್ತಿದ್ದ. ಇಪ್ಪತ್ತೊಂಬತ್ತು ವರ್ಷವಾದರೂ ಆ ಜೋಕು ಹಳತಾಗಿಲ್ಲ, ಅವನ ಪಾಲಿಗೆ.

ಆವತ್ತು ಮಾತ್ರ ಮಾವ ನಗಲಿಲ್ಲ. ಹೊಸ ಬಟ್ಟೆ ಹೊದಿಸಿದ ನಲವತ್ತು ಪುಸ್ತಕಗಳು ಲೈಬ್ರರಿಗೆ ಹೋಗಲು ತಯಾರಾಗಿ ಗೋಡೆ ಪಕ್ಕದ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಅವನ್ನು ಒಯ್ಯಲು ಆಳು ಬರಬೇಕಿತ್ತು. ಖುದ್ದು ಮೇಡಂ ಬಂದಿದ್ದರು, ಅದೂ ಹಣೆ ಗಂಟಿಕ್ಕಿಕೊಂಡು.

"ಯಜಮಾನರೇ, ಇದು ನಿಮ್ಮ ಅಂಗಡಿಯ ಕೆಲಸವೇ ತಾನೇ?"

"ನಮ್ಮದೇ ಮೇಡಂ. ಹೊಲಿಗೆ ನೋಡಿದ್ರೆ ಗೊತ್ತಾಗುತ್ತಲ್ಲ."

"ಹೊಲಿಗೆ ಚೆನ್ನಾಗಿದೆ. ಒಳಗೆ ನೋಡಿ."

ಅದೊಂದು ಪತ್ತೇದಾರಿ ಕಾದಂಬರಿ. ಓದುತ್ತಿದ್ದವರು ಒಬ್ಬ ನಿವೃತ್ತ ನ್ಯಾಯಾಧೀಶರು. ಅರವತ್ತನೇ ಪುಟಕ್ಕೆ ಬಂದಾಗ ಅವರಿಗೆ ಜೋಂಪು ಹತ್ತಿದೆ, ಪುಸ್ತಕ ಅವರ ಕೆಳಗೇ ಸಿಕ್ಕಿಕೊಂಡಿದೆ, ಅವರದೇನು ಸಣ್ಣ ಶರೀರವೇ, ಬೆನ್ನಿನ ಬಟ್ಟೆ ಕಿತ್ತುಕೊಂಡು ಒಳಗಿಂದ ಒಂದು ಕಾಗದದ ಪಟ್ಟಿ ಹೊರಬಂದಿದೆ. ಪಟ್ಟಿಯ ಮೇಲೆ ಪೆನ್ಸಿಲ್ಲಿನ ದುಂಡು ಅಕ್ಷರ. ಮೇಡಂ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಓದಿದರು:

"'ಡ್ರೈವರನೇ ಕೊಂದದ್ದು ಅಂತ ನನಗೆ ನಲವತ್ತನೇ ಪುಟಕ್ಕೇ ಗೊತ್ತಾಯಿತು. ಪತ್ತೇದಾರನಿಗೆ ಇನ್ನೂರ ಹದಿನೆಂಟನೇ ಪುಟದವರೆಗೂ ಗೊತ್ತಾಗಲಿಲ್ಲ. ಇವನನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರೋ ಪಾಪ.'"

ಹುಳು ಚೌಕಟ್ಟಿನ ಹಿಂದೆ ಇನ್ನಷ್ಟು ತಗ್ಗಿದಳು.

"ಅವರು ಇವತ್ತು ಬೆಳಿಗ್ಗೆ ನನ್ನ ಟೇಬಲ್ ಮುಂದೆ ನಿಂತು ಕೂಗಾಡಿದ್ರು. ಮೂವತ್ತು ವರ್ಷ ತೀರ್ಪು ಕೊಟ್ಟ ಮನುಷ್ಯ. 'ಕೊಲೆಗಾರ ಯಾರು ಅಂತ ಹೇಳಿಬಿಟ್ಟಿರೋ ಪುಸ್ತಕವನ್ನ ನಾನು ಯಾಕೆ ಓದಬೇಕು' ಅಂತ. ನಾನೇನು ಉತ್ತರ ಕೊಡಲಿ? ಯಾರ ಬರಹ ಇದು?"

ಮಾವ ಪಟ್ಟಿಯನ್ನು ಇಸಿದುಕೊಂಡು ಕನ್ನಡಕ ಏರಿಸಿದ. ಪುಸ್ತಕದ ಬೆನ್ನಿಗೆ ಅಂಟಿಸುವ ಹೆಸರಿನ ಚೀಟಿಗಳಲ್ಲಿ ದಿನಾ ನೋಡುವ ಅಕ್ಷರ. ಅವನ ಕಿವಿ ಕೆಂಪಾದದ್ದು ಹುಳುವಿಗೆ ಕೂತಲ್ಲಿಂದಲೇ ಕಂಡಿತು.

ಇದು ಶುರುವಾದದ್ದು ಹೀಗೆ. ರಿಪೇರಿಗೆ ಬಂದ ಪುಸ್ತಕದ ಹಳೆ ರಟ್ಟು ಕಿತ್ತು, ಅಂಟು ಕೆರೆದು, ಹೊಲಿಯುವ ಮುಂಚೆ ಪುಟಗಳೆಲ್ಲ ಇವೆಯೇ ಅಂತ ಎಣಿಸಬೇಕು. ಎಣಿಸುವುದು ಹುಳುವಿನ ಕೆಲಸ. ಮಾವ ಎಣಿಸು ಅಂದರೆ ಅವಳು ಓದುತ್ತಿದ್ದಳು. ಓದದೆ ಎಣಿಸುವುದು ಅವಳಿಂದ ಈ ಜನ್ಮದಲ್ಲಿ ಸಾಧ್ಯವಿಲ್ಲ. ಓದಿ ಮುಗಿಸಿದ ಮೇಲೆ ಹೇಳಿಕೊಳ್ಳಬೇಕು ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು? ಮಾವ ಪುಸ್ತಕವನ್ನು ಹೊರಗಿಂದ ಬಲ್ಲವನು, ಒಳಗೆ ಹೋದವನಲ್ಲ. ಅತ್ತೆಗೆ ಟೀವಿ. ಹೊಸ ರಟ್ಟಿನ ಬೆನ್ನೊಳಗೆ ಬಿಗಿಯಾಗಿರಲೆಂದು ಒಂದು ದಪ್ಪ ಕಾಗದದ ಪಟ್ಟಿ ಕೂರಿಸುತ್ತಾರೆ, ಅದರ ಒಳಮೈ ಯಾರಿಗೂ ಕಾಣುವುದಿಲ್ಲ. ಹುಳು ಒಂದು ದಿನ ಅಲ್ಲಿ ಬರೆದಳು. ಮರುದಿನ ಇನ್ನೊಂದರಲ್ಲಿ ಬರೆದಳು. ಆರು ವರ್ಷದಿಂದ ಬರೆಯುತ್ತಲೇ ಇದ್ದಳು. ಅವಳ ಹೊಲಿಗೆ ಗಟ್ಟಿ, ಬಿಚ್ಚಿಕೊಳ್ಳುವ ಮಾತೇ ಇಲ್ಲ ಅನ್ನುವ ಧೈರ್ಯ ಅವಳದು. ನ್ಯಾಯಾಧೀಶರ ಶರೀರ ಅವಳ ಲೆಕ್ಕದಲ್ಲಿರಲಿಲ್ಲ.

"ಇನ್ನೂ ಎಷ್ಟರಲ್ಲಿ ಇದೆ?" ಅಂದರು ಮೇಡಂ. ಮೇಜಿನ ಮೇಲಿದ್ದ ರಟ್ಟು ಕೊಯ್ಯುವ ಚಾಕು ಎತ್ತಿಕೊಂಡು ಬೆಂಚಿನ ಹತ್ತಿರ ಹೋದರು.

"ಅಯ್ಯೋ ಮೇಡಂ, ಹೊಸಾದು, ನಿನ್ನೆ ಒಣಗಿದ್ದು..."

ಮೇಡಂ ಸಾಲಿನ ಮೊದಲ ಪುಸ್ತಕದ ಬೆನ್ನು ಸೀಳಿದರು. ಬಟ್ಟೆ ಹರಿದ ಸದ್ದಿಗೆ ಮಾವ ತನ್ನ ಬೆನ್ನನ್ನೇ ಸೀಳಿದ ಹಾಗೆ ಮುಖ ಮಾಡಿದ.

ಆಗ ಹುಳುವಿನ ಕಣ್ಣು ಸಾಲಿನ ಉದ್ದಕ್ಕೂ ಓಡಿ ಏಳನೆಯದರ ಮೇಲೆ ನಿಂತಿತು. ನೀಲಿ ಬಟ್ಟೆಯದು. ಉಳಿದ ಮೂವತ್ತೊಂಬತ್ತನ್ನೂ ಕೊಯ್ದು ಹಾಕಿದರೂ ಬೈಸಿಕೊಂಡು ಬದುಕಬಹುದು. ಆ ನೀಲಿಯದನ್ನು ಕೊಯ್ದರೆ ಮುಗಿಯಿತು. ಅದು ಮೇಡಂ ಅವರ ತೀರಿಹೋದ ಗಂಡ ಬರೆದ ಕಾದಂಬರಿ. ಬಂದರಿನಲ್ಲಿ ಮೂಟೆ ತೂಗಿಸುವ ಒಬ್ಬ ಗುಮಾಸ್ತನ ಕತೆ. ಅಚ್ಚಾಗುವ ಮೊದಲೇ ಆ ಮನುಷ್ಯ ಹೋಗಿಬಿಟ್ಟರು. ಆಮೇಲೆ ಪುಸ್ತಕ ಬಂತು, ದೊಡ್ಡ ಬಹುಮಾನ ಬಂತು, ಮೇಡಂ ವೇದಿಕೆ ಹತ್ತಿ ಇಸಿದುಕೊಂಡು ಬಂದರು. ಲೈಬ್ರರಿಯ ಓದುವ ಹಾಲಿನಲ್ಲಿ ಗಂಡನ ಫೋಟೋ ಇದೆ. ಹನ್ನೊಂದು ವರ್ಷ ಜನ ಓದಿ ಓದಿ ಹರಿದುಹೋದ ಆ ಪ್ರತಿಯನ್ನು "ಇದಕ್ಕೆ ಒಳ್ಳೇ ಬಟ್ಟೆ ಹಾಕಿ" ಅಂತ ಮೇಡಂ ತಾವೇ ತಂದುಕೊಟ್ಟಿದ್ದರು. ಅದರ ಬೆನ್ನೊಳಗೆ ಹುಳು ಬರೆದದ್ದರ ಮೊದಲ ಸಾಲು: ಹತ್ತು ಅಧ್ಯಾಯದವರೆಗೆ ಸಪ್ಪೆ, ಎರಡು ಸಲ ತೂಕಡಿಸಿದೆ.

ಮೇಡಂ ಮೊದಲ ಪಟ್ಟಿ ಓದಿದರು.

"'ಜೇನು ಸಾಕುವ ಪುಸ್ತಕ. ಬರೆದವರಿಗೆ ಜೇನಿನ ಮೇಲೆ ಇರುವ ಪ್ರೀತಿ ಓದುವವರ ಮೇಲಿಲ್ಲ. ಆದರೆ ರಾಣಿ ಸತ್ತ ದಿನ ಗೂಡಿನ ಸದ್ದು ಹೇಗೆ ಬದಲಾಗುತ್ತದೆ ಅಂತ ಎಂಬತ್ತೊಂದನೇ ಪುಟದಲ್ಲಿದೆ. ಅದೊಂದು ಪುಟಕ್ಕಾಗಿ ಉಳಿದದ್ದನ್ನೆಲ್ಲ ಕ್ಷಮಿಸಿದೆ.' ಕ್ಷಮಿಸಿದರಂತೆ! ಯಾರಪ್ಪ ಇವರು, ಕ್ಷಮಿಸೋಕೆ?"

ಎರಡನೆಯದನ್ನು ಸೀಳಿದರು. "'ಹದಿನಾಲ್ಕು ದೇಶ ಸುತ್ತಿದ್ದಾರೆ. ಹದಿನಾಲ್ಕರಲ್ಲೂ ತಮ್ಮನ್ನೇ ನೋಡಿಕೊಂಡು ಬಂದಿದ್ದಾರೆ. ಫೋಟೋಗಳೂ ಹಾಗೇ ಇವೆ.'"

"ನಾನೇ ಬರೆದದ್ದು ಮೇಡಂ," ಅಂದುಬಿಟ್ಟ ಮಾವ.

ಮೇಡಂ ತಿರುಗಿದರು. "ನೀವಾ?"

"ಹೌದು. ಸುಮ್ನೆ, ಹೊತ್ತು ಹೋಗದೆ. ತಪ್ಪಾಯ್ತು."

"ಸರಿ. ಆ ಜೇನಿನ ಪುಸ್ತಕದಲ್ಲಿ ನಿಮಗೆ ಇಷ್ಟವಾಗಿದ್ದು ಏನು ಹೇಳಿ."

ಮಾವ ಚಾವಣಿ ನೋಡಿದ. ಅಂಟಿನ ಡಬ್ಬಿ ನೋಡಿದ. "ಜೇನು... ಅದು ಸಿಹಿಯಾಗಿರುತ್ತೆ ಅನ್ನೋದನ್ನ ಭಾಳ ಚೆನ್ನಾಗಿ ಬರೆದಿದ್ದಾರೆ ಮೇಡಂ."

ಬೇರೆ ದಿನವಾಗಿದ್ದರೆ ಹುಳು ನೆಲದ ಮೇಲೆ ಬಿದ್ದು ನಗುತ್ತಿದ್ದಳು. ಈಗ ಅವಳಿಗೆ ಅಳು ಬಂತು. ಸುಳ್ಳು ಹೇಳಲು ಬಾರದ ಮನುಷ್ಯ, ಅರವತ್ತೆಂಟನೇ ವಯಸ್ಸಿನಲ್ಲಿ ಅವಳಿಗೋಸ್ಕರ ಹೇಳಿ ಮಾನ ಕಳೆದುಕೊಳ್ಳುತ್ತಿದ್ದಾನೆ. ಅವಳು ಸೂಜಿ ಬಿಟ್ಟು ಎದ್ದು ನಿಂತಳು.

"ಮಾವ ಅಲ್ಲ ಮೇಡಂ. ನಾನು ಬರೆದಿದ್ದು. ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ."

ಮೇಡಂ ಅವಳನ್ನು ಮೊದಲ ಸಲ ನೋಡುವಂತೆ ನೋಡಿದರು. ಇಷ್ಟು ವರ್ಷ ಈ ಅಂಗಡಿಗೆ ಬಂದು ಹೋಗಿದ್ದಾರೆ, ಚೌಕಟ್ಟಿನ ಹಿಂದೆ ಒಂದು ತಲೆ ಇರುತ್ತದೆ ಅನ್ನುವುದಷ್ಟೇ ಅವರಿಗೆ ಗೊತ್ತಿದ್ದದ್ದು.

"ನೀನು ಓದ್ತೀಯಾ?"

"ಎಣಿಸೋವಾಗ ಓದ್ತೀನಿ."

"ಓದು, ಬೇಡ ಅಂದವರ್ಯಾರು. ಆದ್ರೆ ಓದೋರಿಗೂ ಪುಸ್ತಕಕ್ಕೂ ಮಧ್ಯ ಬರೋಕೆ ನೀನು ಯಾರು? ನಾನು ಮೂವತ್ತನಾಲ್ಕು ವರ್ಷದಿಂದ ಅಲ್ಲಿದೀನಿ. ಯಾರಾದ್ರೂ ಬಂದು ಈ ಪುಸ್ತಕ ಹೇಗಿದೆ ಅಂತ ಕೇಳಿದ್ರೆ ಓದಿ ನೋಡಿ ಅಂತೀನೇ ಹೊರತು ಒಂದು ಮಾತು ಹೆಚ್ಚಿಗೆ ಆಡಿಲ್ಲ. ನನಗೂ ಅಭಿಪ್ರಾಯ ಇದೆ. ಬಾಯಿ ಮುಚ್ಚಿಕೊಂಡಿದೀನಿ." ಅವರು ಮಾವನ ಕಡೆ ತಿರುಗಿದರು. "ಯಜಮಾನರೇ, ಈಗಲೇ ಹೇಳಿಬಿಡ್ತೀನಿ. ಇವಳು ಈ ಅಂಗಡೀಲಿ ಕೂತಿರೋವರೆಗೆ ಲೈಬ್ರರಿಯ ಒಂದು ಪುಸ್ತಕಾನೂ ಈ ಮೆಟ್ಟಿಲು ಇಳಿಯಲ್ಲ."

ಲೈಬ್ರರಿಯ ಪುಸ್ತಕ ಇಳಿಯದಿದ್ದರೆ ಈ ಅಂಗಡಿಯಲ್ಲಿ ಮಾಡಲು ಬೇರೇನೂ ಕೆಲಸವಿಲ್ಲ. ವರ್ಷಕ್ಕೆ ನಾಲ್ಕು ಮದುವೆ ಆಲ್ಬಂ, ಎರಡು ಕಚೇರಿಯ ರಿಜಿಸ್ಟರು. ಅದು ಮೂವರಿಗೂ ಗೊತ್ತಿತ್ತು. ಹುಳು ಎದ್ದು ಹೋದರೆ ಅಂಗಡಿ ಉಳಿಯುತ್ತದೆ. ಎದ್ದು ಹೋದರೆ ಅವಳಿಗೆ ಪುಸ್ತಕವಿಲ್ಲ, ಚೌಕಟ್ಟಿಲ್ಲ, ಮೇಲಿನ ಮನೆಯಲ್ಲಿ ಅತ್ತೆಯ ಟೀವಿಯ ಮುಂದೆ ಉಳಿದ ಆಯುಷ್ಯ ಕಳೆಯಬೇಕು.

ಮಾವ ಕೈ ಕೈ ಹಿಸುಕಿಕೊಂಡ. "ಮೇಡಂ, ತಂಗಿ ಮಗಳು. ಇದೊಂದೇ ಕೆಲಸ ಅವಳಿಗೆ ಗೊತ್ತಿರೋದು. ಇನ್ನು ಮುಂದೆ ಬರೆಯಲ್ಲ, ನಾನು ಮಾತು ಕೊಡ್ತೀನಿ."

"ಬರೆದಿರೋದನ್ನೆಲ್ಲ ತೆಗೀಬೇಕಲ್ಲ," ಅನ್ನುತ್ತ ಮೇಡಂ ಮೂರನೆಯದಕ್ಕೆ ಚಾಕು ಹಾಕಿದರು. ಅಡುಗೆಯ ಪುಸ್ತಕ. "'ಸುಟ್ಟರೆ ಹೆದರಬೇಡಿ, ಮೇಲಿಂದು ಕೆರೆದು ತಿನ್ನಿ ಅಂತ ಬೇರೆ ಯಾವ ಅಡುಗೆ ಪುಸ್ತಕವೂ ಧೈರ್ಯ ಹೇಳಿಲ್ಲ. ನೂರ ಹನ್ನೆರಡನೇ ಪುಟದಲ್ಲಿ ಎಣ್ಣೆಯ ಬೆರಳಚ್ಚಿದೆ. ಅಳಿಸಲು ಮನಸ್ಸು ಬರಲಿಲ್ಲ.'" ನಾಲ್ಕನೆಯದು ಒಬ್ಬ ದೊಡ್ಡ ಅಧಿಕಾರಿಯ ಆತ್ಮಕತೆ. "'ಹುಟ್ಟಿದಾರಭ್ಯ ಒಂದೂ ತಪ್ಪು ಮಾಡದ ಮನುಷ್ಯ. ನಂಬುತ್ತಿದ್ದೆ. ಆದರೆ ಮುನ್ನೂರು ಪುಟದಲ್ಲಿ ಹೆಂಡತಿ ಬರುವುದು ಎರಡೇ ಸಲ, ಎರಡು ಸಲವೂ ಕಾಫಿ ತಂದುಕೊಟ್ಟು ಒಳಗೆ ಹೋಗುತ್ತಾಳೆ.'"

ಇದನ್ನು ಓದಿ ಮೇಡಂ ಪಟ್ಟಿಯನ್ನು ಮೇಜಿನ ಮೇಲೆ ಹಾಕುವ ಬದಲು ಹಿಡಿದೇ ನಿಂತರು. ಹುಳುವಿಗೆ ಆಸೆ ಹುಟ್ಟಿತು, ಇಲ್ಲಿಗೆ ನಿಲ್ಲಿಸಬಹುದೇನೋ. ನಿಲ್ಲಿಸಲಿಲ್ಲ. ಐದನೆಯದು ಚದುರಂಗದ ಪುಸ್ತಕ, ಅದರಲ್ಲಿ ಬರೀ ಒಂದು ಸಾಲು, ಏನೂ ತಿಳಿಯಲಿಲ್ಲ ಆದರೂ ಕೊನೆಯವರೆಗೆ ಓದಿದೆ ಅಂತ. ಆರನೆಯದು ಕವಿತೆಗಳು.

"'ಹನ್ನೆರಡು ಕವಿತೆ ಅರ್ಥವಾಗಲಿಲ್ಲ. ಹದಿಮೂರನೆಯದು ಅರ್ಥವಾಯಿತು, ಹೊಲಿಗೆ ಬಿಟ್ಟು ಎದ್ದು ಹೋಗಿ ಬಾಗಿಲಲ್ಲಿ ನಿಂತುಕೊಂಡೆ. ಮಾವ ಏನಾಯಿತು ಅಂದ. ಹೊಟ್ಟೆನೋವು ಅಂದೆ.'"

"ಓಹೋ, ಅವತ್ತು ಹೊಟ್ಟೆನೋವಲ್ವಾ ಅದು?" ಅಂದ ಮಾವ, ಎಲ್ಲಿದ್ದೇನೆ ಅನ್ನುವುದನ್ನೇ ಮರೆತು. "ನಾನು ಔಷಧಿ ಅಂಗಡಿಗೆ ಓಡಿದ್ನಲ್ಲೇ!"

ಮೇಡಂ ಅವರ ಕೈ ನೀಲಿ ಪುಸ್ತಕದ ಮೇಲೆ ಬಂತು.

"ಅದೊಂದು ಬೇಡ," ಅಂದಳು ಹುಳು.

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಸುಮ್ಮನಿದ್ದಿದ್ದರೆ ಗಂಡನ ಪುಸ್ತಕ ಅಂತ ಮೇಡಂ ತಾವೇ ಬಿಡುತ್ತಿದ್ದರೋ ಏನೋ. ಬೇಡ ಅಂದು ಅವಳೇ ಬೆರಳು ತೋರಿಸಿದ ಹಾಗಾಯಿತು.

ಮೇಡಂ ನಿಧಾನವಾಗಿ ತಲೆ ಎತ್ತಿದರು. ಅವರ ಮುಖದಿಂದ ರಕ್ತ ಇಳಿದುಹೋಗಿತ್ತು. "ಇದರಲ್ಲೂ ಬರೆದಿದೀಯಾ?"

"ನಾನು ಇವತ್ತೇ ಎದ್ದು ಹೋಗ್ತೀನಿ ಮೇಡಂ. ಮತ್ತೆ ಈ ಅಂಗಡಿ ಹೊಸಲು ತುಳಿಯಲ್ಲ, ಆಣೆ ಮಾಡಿ ಹೇಳ್ತೀನಿ. ಅದನ್ನ ಮಾತ್ರ ಬಿಚ್ಚಬೇಡಿ."

"ಏನು ಬರೆದಿದೀಯ?"

ಸತ್ತವರ ಬಗ್ಗೆ, ಅವರ ಹೆಂಡತಿಯ ಎದುರು, ಸಪ್ಪೆ ಅನ್ನುವ ಮಾತನ್ನು ಹೇಗೆ ಹೇಳುವುದು? ಒಬ್ಬಳೇ ಕೂತು ಬರೆಯುವಾಗ ಅದು ಬರೀ ನಿಜವಾಗಿತ್ತು. ಈಗ ಅದು ಕಪಾಳಕ್ಕೆ ಹೊಡೆದ ಹಾಗೆ ಕೇಳಿಸುತ್ತದೆ.

ಮೇಡಂ ಕಾಯಲಿಲ್ಲ. ಬೇರೆ ಪುಸ್ತಕಗಳನ್ನು ಸೀಳಿದ ಹಾಗೆ ಇದನ್ನು ಸೀಳಲಿಲ್ಲ, ಚಾಕುವಿನ ತುದಿಯಿಂದ ಅಂಚು ಬಿಡಿಸಿ ಪಟ್ಟಿ ಎಳೆದರು. ಎಲ್ಲವನ್ನೂ ಗಟ್ಟಿಯಾಗಿ ಓದಿದವರು ಇದನ್ನು ಮನಸ್ಸಿನಲ್ಲೇ ಓದಿಕೊಂಡರು. ಹುಳುವಿಗೆ ಅದರ ಒಂದೊಂದು ಅಕ್ಷರವೂ ಬಾಯಿಪಾಠ. ಮೇಡಂ ಕಣ್ಣು ಯಾವ ಸಾಲಿನಲ್ಲಿದೆ ಅಂತ ಅವಳು ಜೊತೆಜೊತೆಗೇ ಓದುತ್ತಿದ್ದಳು.

ಹತ್ತು ಅಧ್ಯಾಯದವರೆಗೆ ಸಪ್ಪೆ, ಎರಡು ಸಲ ತೂಕಡಿಸಿದೆ. ಎಲ್ಲರೂ ಭಾಷಣ ಮಾಡುತ್ತಾರೆ. ಕುರ್ಚಿ ಅಂದರೆ ಬರೀ ಕುರ್ಚಿ. ಹನ್ನೊಂದರಿಂದ ಬೇರೆ ಯಾರೋ ಬರೆದಿದ್ದಾರೆ. ಅಲ್ಲಿ ಕುರ್ಚಿಯ ಒಂದು ಕಾಲು ಗಿಡ್ಡ, ಅದರ ಕೆಳಗೆ ಯಾರೋ ಕಾಗದ ಮಡಿಸಿ ಇಟ್ಟಿದ್ದಾರೆ. ಯಾರೂ ಮನಸ್ಸಿನಲ್ಲಿದ್ದದ್ದನ್ನು ಹೇಳುವುದಿಲ್ಲ, ಆದರೂ ಎಲ್ಲಾ ಗೊತ್ತಾಗುತ್ತದೆ. ಈ ಎರಡನೆಯವರು ಯಾರೋ, ಇವರೇ ಮೊದಲಿಂದ ಬರೆಯಬಾರದಿತ್ತೇ? ಇವರು ಬೇರೇನಾದರೂ ಬರೆದಿದ್ದರೆ ಓದಬೇಕು.

ಮೇಡಂ ಓದಿ ಮುಗಿಸಿದರು. ಮತ್ತೆ ಮೊದಲಿಂದ ಓದಿದರು. ಮೂಲೆಯಲ್ಲಿ ಅಂಟು ಕಾಯಿಸುವ ಒಲೆ ಉರಿಯುತ್ತಿತ್ತು.

"ಮೇಡಂ, ಅವಳಿಗೆ ಬುದ್ಧಿ ಇಲ್ಲ," ಅಂದ ಮಾವ. ಪಟ್ಟಿಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರಲಿಲ್ಲ, ಮೇಡಂ ಮುಖ ನೋಡಿ ಹೆದರಿದ್ದ. "ನಿಮ್ಮ ಯಜಮಾನರು ಎಂಥಾ ದೊಡ್ಡ ಮನುಷ್ಯರು, ಅವರ ಬಗ್ಗೆ..."

"ನೀವು ಸ್ವಲ್ಪ ಸುಮ್ನಿರ್ತೀರಾ?"

ಮಾವ ಹಿಂದೆ ಸರಿದ.

"ಯಾರು ಹೇಳಿದ್ರು ನಿಂಗೆ?" ಮೇಡಂ ದನಿ ಎಷ್ಟು ಸಣ್ಣಗಿತ್ತು ಅಂದರೆ ಹುಳು ಒಂದು ಹೆಜ್ಜೆ ಮುಂದೆ ಬರಬೇಕಾಯಿತು.

"ಏನನ್ನ ಮೇಡಂ?"

"ಹನ್ನೊಂದರಿಂದ ಬೇರೆ ಅಂತ."

"ಯಾರೂ ಹೇಳಲಿಲ್ಲ. ಓದಿದೆ, ಹಾಗನ್ನಿಸ್ತು. ತಪ್ಪಿರಬಹುದು."

"ಯಾರಿಗಾದ್ರೂ ಹೇಳಿದೀಯಾ?"

"ಹೇಳೋಕೆ ಯಾರಿದಾರೆ ಮೇಡಂ? ಇದ್ದಿದ್ರೆ ಬರೆದು ಒಳಗೆ ಯಾಕೆ ಹಾಕ್ತಿದ್ದೆ?"

ಮೇಡಂ ಒಲೆಯ ಹತ್ತಿರ ಹೋಗಿ ಪಟ್ಟಿಯನ್ನು ಉರಿಯ ಮೇಲಕ್ಕೆ ಹಿಡಿದು ನಿಂತರು. ಹುಳುವಿಗೆ ಆಗ ಹೊಳೆಯಿತು. ಒಮ್ಮೆಲೇ ಅಲ್ಲ, ಕತ್ತಲ ಕೋಣೆಯಲ್ಲಿ ಸಾಮಾನು ಒಂದೊಂದಾಗಿ ಕಾಣಿಸುವ ಹಾಗೆ. ಅಚ್ಚಾಗುವ ಮುಂಚೆ ತೀರಿಕೊಂಡ ಗಂಡ. ಅರ್ಧಕ್ಕೆ ನಿಂತ ಬರಹ. ಅದನ್ನು ಯಾರಿಗೂ ಹೇಳದೆ ಮುಗಿಸಿದ ಒಬ್ಬರು. ಮೇಡಂ ಹೆದರಿದ್ದಾರೆ, ತನಗಿಂತ ಹೆಚ್ಚು ಹೆದರಿದ್ದಾರೆ. ಹಾಲಿನ ಫೋಟೋ, ಬಹುಮಾನ, ಹನ್ನೊಂದು ವರ್ಷ, ಎಲ್ಲಾ ಆ ಬೆರಳಗಲದ ಕಾಗದದ ಮೇಲೆ ನಿಂತಿದೆ, ಕೆಳಗೆ ಉರಿ ಇದೆ. ಸುಡಲಿ ಅನ್ನಿಸಿತು ಹುಳುವಿಗೆ. ಸುಡಬಾರದು ಅಂತಲೂ ಅನ್ನಿಸಿತು. ತಾನು ಬರೆದ ನೂರಾರು ಪಟ್ಟಿಗಳಲ್ಲಿ ಯಾರಾದರೂ ಎರಡು ಸಲ ಓದಿದ್ದು ಇದೊಂದನ್ನೇ.

"ಬಹುಮಾನ ಕೊಟ್ಟ ಐದು ಜನ ಓದಿದ್ರು," ಅಂದರು ಮೇಡಂ, ಒಲೆಯ ಕಡೆ ಮುಖ ಮಾಡಿಕೊಂಡೇ. "ಪ್ರೊಫೆಸರುಗಳು ಓದಿದ್ರು, ಉದ್ದುದ್ದ ಲೇಖನ ಬರೆದ್ರು. ನಮ್ಮವರ ಅಣ್ಣತಮ್ಮಂದಿರು ಓದಿದ್ರು. ಒಬ್ಬರಿಗಾದ್ರೂ..."

ಮಾವ ಹುಳುವಿನ ಮುಖ ನೋಡಿದ, ಏನೇ ಇದು ಅನ್ನುವಂತೆ. ಹುಳು ತಲೆ ಅಲ್ಲಾಡಿಸಿದಳು.

ಮೇಡಂ ವಾಪಸ್ ಬಂದರು. ಪಟ್ಟಿ ಸುಟ್ಟಿರಲಿಲ್ಲ. ಅದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಹೆಸರಿನ ಚೀಟಿಗಳ ಪಕ್ಕದಲ್ಲಿದ್ದ ಪೆನ್ಸಿಲ್ ತೆಗೆದುಕೊಂಡರು. ಬಗ್ಗಿ, ಕೆಳಗೆ ಉಳಿದಿದ್ದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದರು. ಬರೆದದ್ದನ್ನು ಹುಳುವಿನ ಕಡೆ ತಿರುಗಿಸಿದರು.

ಹನ್ನೊಂದರಿಂದಲ್ಲ. ಹತ್ತನೆಯದರ ಕೊನೆಯ ಎರಡು ಪುಟದಿಂದ.

"ಏನಂತೆ?" ಅಂದ ಮಾವ.

"ಪುಟದ ಲೆಕ್ಕ ಮಾವ. ನಾನು ತಪ್ಪು ಎಣಿಸಿದ್ದೆ."

"ನೋಡಿದ್ರಾ ಮೇಡಂ! ಓದ್ತಾ ಕೂತ್ರೆ ಎಣಿಕೆ ತಪ್ಪುತ್ತೆ ಅಂತ ನಾನು ಬಡ್ಕೊಂಡೆ."

"ಇವಳು ಇಲ್ಲೇ ಇರಲಿ ಯಜಮಾನರೇ," ಅಂದರು ಮೇಡಂ. "ಬಿಚ್ಚಿದ್ದನ್ನ ಮತ್ತೆ ಕಟ್ಟಿಸಿ. ಪಟ್ಟಿಗಳನ್ನ ಹಾಗೇ ಒಳಗೆ ಹಾಕಲಿ, ಇದನ್ನೂ ಸೇರಿಸಿ. ಪತ್ತೇದಾರಿಗಳಿಗೆ ಮಾತ್ರ ಏನೂ ಬರೆಯೋದು ಬೇಡ." ಮಾವನಿಗೆ ಏನು ನಡೆಯಿತು ಅಂತ ತಲೆಬುಡ ತಿಳಿಯಲಿಲ್ಲ. ಅಂಗಡಿ ಉಳಿಯಿತು ಅನ್ನುವಷ್ಟು ತಿಳಿಯಿತು, ಟೀ ತರುತ್ತೇನೆ ಅಂತ ಮೇಡಂ ಬೇಡ ಅನ್ನುವ ಮೊದಲೇ ಮೆಟ್ಟಿಲು ಹತ್ತಿ ಓಡಿದ.

ಹುಳು ನೀಲಿ ಪುಸ್ತಕ ತೆಗೆದುಕೊಂಡು ಹತ್ತನೇ ಅಧ್ಯಾಯದ ಕೊನೆಗೆ ತಿರುವಿದಳು. ನಿಂತುಕೊಂಡೇ ಓದಿದಳು. ಗುಮಾಸ್ತ ಮನೆಗೆ ಬರುತ್ತಾನೆ, ಯಾರೂ ಬಾಗಿಲು ತೆರೆಯುವುದಿಲ್ಲ, ಅವನು ಒದ್ದೆ ಛತ್ರಿಯನ್ನು ಎಲ್ಲಿಡಲಿ ಅಂತ ತಿಳಿಯದೆ ಎದೆಗೊತ್ತಿ ಹಿಡಿದು ಹೊಸಲಲ್ಲೇ ಕೂರುತ್ತಾನೆ. ಹೌದು, ಇಲ್ಲಿಂದಲೇ. ಆವತ್ತು ತೂಕಡಿಕೆಯಲ್ಲಿ ತಾನು ಇದನ್ನು ಹಾರಿಸಿಬಿಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು. ಎರಡನೇ ಪುಟದ ಕೊನೆಯವರೆಗೂ ಅವಳು ತಲೆ ಎತ್ತಲಿಲ್ಲ.

ಎತ್ತಿದಾಗ ಮೇಡಂ ಹೋಗಿರಲಿಲ್ಲ. ಮೇಜಿನ ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡು, ರೆಪ್ಪೆ ಬಡಿಯದೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.

"ಹೇಗಿದೆ?" ಅಂದರು.